ಗಟಾರದ ಖರ್ಚು ಮತ್ತು ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ಪೇಟ ತೊಟ್ಟ ಆ ಫೋಟೋಗೆ ಹಾರ ಬೀಳುತ್ತೆ, ಕೆಆರ್‌ಎಸ್ ಬಗ್ಗೆ ಒಂದು ಭಾಷಣ ಆಗುತ್ತೆ, ಅಲ್ಲಿಗೆ ಎಂಜಿನಿಯರ್ಸ್ ಡೇ ಮುಗೀತು. ವಿಶ್ವೇಶ್ವರಯ್ಯ ಅಂದ್ರೆ ಡ್ಯಾಮ್ ಕಟ್ಟಿದವರು ಅಂತಷ್ಟೇ ನಾನೂ ತಿಳ್ಕೊಂಡಿದ್ದೆ. ಅವರು ತಮ್ಮ ಜೀವನದಲ್ಲಿ ಎಷ್ಟೋ ವರ್ಷ ಚರಂಡಿ ನೀರಿನ ಬಗ್ಗೆ ತಲೆ ಕೆಡಿಸ್ಕೊಂಡಿದ್ರು ಅಂತ ಗೊತ್ತಾಗಿದ್ದು ಈ ಸಲ ರಜೆಗೆ ಊರಿಗೆ ಹೋಗಿ ಬಂದ ಮೇಲೆ.

ನಮ್ಮೂರು ರಬಕವಿ, ನೇಕಾರರ ಊರು. ನಮ್ಮ ಮನೇಲೂ ಮಗ್ಗ ಇದೆ. ನೂಲಿಗೆ ಬಣ್ಣ ಹಾಕಿದ ದಿನ ಗಟಾರದ ನೀರಿಗೂ ಅದೇ ಬಣ್ಣ. ಯಾವ ಸೀರೆಗೆ ಆರ್ಡರ್ ಬಂದಿದೆ ಅಂತ ಚಿಕ್ಕವರಿದ್ದಾಗ ಗಟಾರ ನೋಡಿಯೇ ಹೇಳ್ತಿದ್ವಿ. ನಮ್ಮ ಕಡೆ ಇಳಿಜಾರು ಅಂದ್ರೆ ಕೊನೆಗೆ ಕೃಷ್ಣಾ ಹೊಳೆ. ಇದನ್ನ ಶುದ್ಧ ಮಾಡಿ ಬಿಡ್ಬೇಕಲ್ವಾ ಅಂತ ಅಪ್ಪನ್ನ ಕೇಳಿದೆ. ಅಪ್ಪ ನಕ್ಕು, ಅದಕ್ಕ ರೊಕ್ಕ ಯಾರ್ ಕೊಡ್ತಾರ ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ಲೈಬ್ರರಿಯಲ್ಲಿ ಸರ್ ಎಂ.ವಿ. ಜೀವನ ಚರಿತ್ರೆ ತೆಗೆದೆ.

ರೊಕ್ಕದ ಕಷ್ಟ ಅವರಿಗೆ ಚಿಕ್ಕಂದಿನಿಂದಲೇ ಗೊತ್ತು. ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಬೇಗ ತೀರಿಕೊಂಡ್ರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದ್ರು. 1881ರಲ್ಲಿ ಬಿ.ಎ. ಆಯ್ತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದಕ್ಕೆ ಪುಣೆಯಲ್ಲಿ ಎಂಜಿನಿಯರಿಂಗ್ ಓದೋಕೆ ಆಯ್ತು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ್ರು.

ನಂಗೆ ತುಂಬಾ ಇಷ್ಟ ಆಗಿದ್ದು ಸಿಂಧ್ ಪ್ರಾಂತ್ಯದ ಸಕ್ಕರ್ ಊರಿನ ಕಥೆ. 1890ರ ದಶಕದಲ್ಲಿ ಆ ಊರಿಗೆ ಸಿಂಧೂ ನದಿಯಿಂದ ಕುಡಿಯೋ ನೀರು ಕೊಡೋ ಕೆಲಸ ಇವರ ಪಾಲಿಗೆ ಬಂತು. ನೀರಿನ ತುಂಬಾ ಕೆಸರು. ಫಿಲ್ಟರ್ ಕಟ್ಟೋಕೆ ಅಲ್ಲಿನ ಪುರಸಭೆ ಹತ್ರ ದುಡ್ಡಿಲ್ಲ. ಇವರು ನದಿ ಪಾತ್ರದಲ್ಲೇ ಬಾವಿ ತೋಡಿಸಿದ್ರು. ನೀರು ಮರಳಿನ ಮೂಲಕ ಜಿನುಗಿ, ತಿಳಿಯಾಗಿ ಬಾವಿಗೆ ಬಂತು. ನದಿಯ ಮರಳೇ ಫಿಲ್ಟರ್ ಆಯ್ತು. 1903ರಲ್ಲಿ ಪುಣೆ ಹತ್ರದ ಖಡಕ್‌ವಾಸ್ಲಾದಲ್ಲಿ ಹಾಕಿದ ಸ್ವಯಂಚಾಲಿತ ಗೇಟುಗಳೂ ಹೀಗೇ. ಅಣೆಕಟ್ಟನ್ನ ಎತ್ತರಿಸದೆ ಅದ್ರಲ್ಲಿ ಹೆಚ್ಚು ನೀರು ನಿಲ್ಲಿಸಿದ್ರು. ದುಡ್ಡಿಲ್ಲ ಅನ್ನೋದು ಅವರಿಗೆ ಕೆಲಸ ಬಿಡೋಕೆ ಕಾರಣ ಆಗಲಿಲ್ಲ, ಡಿಸೈನ್‌ನ ಒಂದು ಷರತ್ತು ಆಯ್ತು ಅಷ್ಟೇ.

1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ನೀರು ಮತ್ತು ಒಳಚರಂಡಿಗೆ ಯೋಜನೆ ಹಾಕಿಕೊಟ್ರು. 1908ರಲ್ಲಿ ಮುಂಬಯಿ ಸರ್ಕಾರದ ಕೆಲಸ ಬಿಟ್ರು. ಅದೇ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮ ಸರ್ಕಾರ ಇವರನ್ನ ಕರೆಸ್ತು. 1909ರ ವರದಿಯಲ್ಲಿ ಇವರು ಪ್ರವಾಹ ತಡೆಯೋಕೆ ಜಲಾಶಯಗಳನ್ನ ಹೇಳಿದ್ರು, ಜೊತೆಗೇ ನಗರಕ್ಕೆ ಒಳಚರಂಡಿ ಬೇಕು ಅಂದ್ರು. ಜಲಾಶಯಗಳು ಬಂದವು: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಒಳಚರಂಡಿ ಮಾತ್ರ ಹಿಂದೆ ಬಿತ್ತು. ಅದರ ಸಲಹೆಗೆ ಅಂತ 1922ರಲ್ಲಿ ಇವರನ್ನೇ ಮತ್ತೆ ಕರೆಸಬೇಕಾಯ್ತು. ಕೆರೆ ಎಲ್ಲರಿಗೂ ಕಾಣುತ್ತೆ. ನೆಲದೊಳಗಿನ ಪೈಪು ಯಾರಿಗೆ ಕಾಣುತ್ತೆ?

ಈ 13 ವರ್ಷದ ನಡುವೆ ಮೊದಲ ಮಹಾಯುದ್ಧ ಬಂದು ಕಬ್ಬಿಣ, ಸಿಮೆಂಟ್ ಎಲ್ಲದರ ಬೆಲೆ ಏರಿತ್ತು. ಕ್ಯಾಲ್ಕ್ಯುಲೇಟರ್ ತಗೊಂಡು ನೀವೇ ನೋಡಿ. ಸಾಮಾನು, ಕೂಲಿ ವರ್ಷಕ್ಕೆ ಬರೀ ಶೇಕಡಾ 6 ಏರಿದ್ರೂ 12 ವರ್ಷಕ್ಕೆ ಖರ್ಚು ದುಪ್ಪಟ್ಟು. ಮುಂದೂಡಿದ್ರೆ ದುಡ್ಡು ಉಳಿಯಲ್ಲ, ಬಿಲ್ ದೊಡ್ಡದಾಗುತ್ತೆ.

1909ರ ಕೊನೆಗೆ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಾಗ ಕನ್ನಂಬಾಡಿಗೂ ಇದೇ ತಕರಾರು. ಇಷ್ಟು ದುಡ್ಡು ಸುರಿದ್ರೆ ವಾಪಸ್ ಬರುತ್ತಾ ಅಂತ ಹಣಕಾಸಿನವರ ಆಕ್ಷೇಪ. ನೀರಾವರಿ ಜೊತೆಗೆ ಕೋಲಾರದ ಗಣಿಗೆ ವಿದ್ಯುತ್ ಮಾರಿ ಬರೋ ಆದಾಯದ ಲೆಕ್ಕವನ್ನ ಇವರು ಮುಂದಿಟ್ರು. 1911ರಲ್ಲಿ 81 ಲಕ್ಷ ರೂಪಾಯಿ ಮಂಜೂರಾಯ್ತು, ಕೆಲಸ ಹಂತ ಹಂತವಾಗಿ ನಡೀತು. 1912ರಿಂದ 1918ರವರೆಗೆ ದಿವಾನರಾಗಿ ಬ್ಯಾಂಕು, ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜು ಎಲ್ಲಾ ತಂದ್ರು. 1955ರಲ್ಲಿ ಭಾರತ ರತ್ನ ಬಂತು, 1962ರಲ್ಲಿ ತೀರಿಕೊಂಡ್ರು.

ಇಷ್ಟು ಓದಿ ರಬಕವಿಗೆ ಬಂದ್ರೆ ಒಂದು ತೊಡಕು ಇದೆ. ಡ್ಯಾಮಿನ ನೀರಿಂದ ವಿದ್ಯುತ್ ಮಾರಬಹುದು, ಗಟಾರದ ನೀರಿಂದ ಏನು ಮಾರೋದು? ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಶುರುವಾದಾಗ ಮುಖ್ಯವಾಗಿ ಲಕ್ಷ ಜನಸಂಖ್ಯೆ ದಾಟಿದ ಊರುಗಳನ್ನ ಆರಿಸ್ತು. ನಮ್ಮದು ಲಕ್ಷ ಮುಟ್ಟದ ಊರು. ಅದೂ ಅಲ್ಲದೆ ಸಾಮಾನ್ಯ ಎಸ್‌ಟಿಪಿಯಲ್ಲಿ ಕೊಳೆ ತಿನ್ನೋದು ಬ್ಯಾಕ್ಟೀರಿಯಾ. ನೂಲಿನ ಬಣ್ಣ ಎಲ್ಲಾ ಅದಕ್ಕೆ ಜೀರ್ಣ ಆಗಲ್ಲ. ಬಣ್ಣದ ನೀರಿಗೆ ಬೇರೆ ಘಟಕ ಬೇಕು, ಅಂದ್ರೆ ಮತ್ತೆ ಖರ್ಚು. ಕಟ್ಟಿದ ಮೇಲೆ ಗಾಳಿ ಊದೋ ಬ್ಲೋವರ್‌ಗೆ ಪ್ರತಿ ತಿಂಗಳ ಕರೆಂಟ್ ಬಿಲ್ ಬೇರೆ.

ಎಂ.ವಿ. ಆಗಿದ್ರೆ ಮೊದಲು ಎಸ್ಟಿಮೇಟ್ ಹಾಕಿ, ಯಾರ ಪಾಲು ಎಷ್ಟು ಅಂತ ಬರೀತಿದ್ರು ಅನ್ಸುತ್ತೆ. ಸರ್ಕಾರದ್ದು ಒಂದಷ್ಟು, ಊರಿನದು ಒಂದಷ್ಟು, ಬಣ್ಣ ಬಿಡೋ ನಮ್ಮಂಥವರದ್ದೂ ಒಂದಷ್ಟು. ಹೋದ ವಾರ ಫೋನ್ ಮಾಡಿ ಇದನ್ನೇ ಹೇಳಿದೆ. ಅಪ್ಪ ಈ ಸಲ ನಗಲಿಲ್ಲ. ಒಂದು ಮಗ್ಗಕ್ಕ ತಿಂಗಳಿಗೆ ಎಷ್ಟು ಬೀಳ್ತದ, ಲೆಕ್ಕ ಹಾಕಿ ಹೇಳು ಅಂದ್ರು.

ಲೆಕ್ಕ ಇನ್ನೂ ಮುಗಿದಿಲ್ಲ. ಸಿವಿಲ್ ಬ್ರಾಂಚಿನ ಗೆಳೆಯರು ಯಾರಾದ್ರೂ ಕೈ ಜೋಡಿಸ್ತೀರಾ?