ತೇಜಸ್ವಿಯವರ ಸ್ಕೂಟರೂ ನಮ್ಮ ಕಮಲಾಪುರ ರೋಡೂ

ಪೂರ್ಣಚಂದ್ರ ತೇಜಸ್ವಿ ತೀರಿಕೊಂಡಿದ್ದು 2007ರ ಏಪ್ರಿಲ್ 5ರಂದು. ನಮ್ಮ ಬ್ಯಾಚಿನವರಲ್ಲಿ ಕೆಲವರು ಆಗ ತೊಟ್ಟಿಲಲ್ಲಿದ್ದೆವು, ಕೆಲವರು ಇನ್ನೂ ಹುಟ್ಟಿರಲೇ ಇಲ್ಲ. ಆದರೂ ಹಾಸ್ಟೆಲ್ಲಿನಲ್ಲಿ ಯಾರದಾದರೂ ದಿಂಬಿನ ಪಕ್ಕ ಒಂದು ಕನ್ನಡ ಪುಸ್ತಕ ಕಂಡರೆ, ಅದು ಕರ್ವಾಲೊ ಆಗಿರೋ ಸಾಧ್ಯತೆ ಭಾಳ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡ ಪುಸ್ತಕ ಅಂದ್ರೆ ಬರೀ ಪರೀಕ್ಷೆಗೆ ಅಂದುಕೊಂಡಿದ್ದ ನಮ್ಮಂಥವರನ್ನ ಓದಿಗೆ ಹಚ್ಚಿದವರು ಅವರೇ. 2023ರಲ್ಲಿ ಅವರ ಕತೆಯಿಂದ ಮಾಡಿದ ಡೇರ್‌ಡೆವಿಲ್ ಮುಸ್ತಾಫಾ ಸಿನಿಮಾ ಬಂದ ಮೇಲಂತೂ ಪುಸ್ತಕ ಮುಟ್ಟದವರಿಗೂ ಹೆಸರು ಗೊತ್ತಾಯ್ತು.

ಅವರ ಪುಸ್ತಕಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಈ ಮನುಷ್ಯ ಕಾಫಿ ತೋಟ ಮಾಡಿದರು, ಸ್ಕೂಟರ್ ಓಡಿಸಿದರು, ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು, ಸಿತಾರ್ ಕಲಿತರು, ಕೊನೆಗೆ ಕಂಪ್ಯೂಟರ್ ಮುಂದೆ ಕೂತರು. ಇದರ ನಡುವೆ ಕತೆ, ಕಾದಂಬರಿ, ವಿಜ್ಞಾನ, ಅನುವಾದ ಅಂತ ಒಂದು ಕಪಾಟು ತುಂಬುವಷ್ಟು ಬರೆದರು. ನಮಗೆ ಒಂದು ಲ್ಯಾಬ್ ರೆಕಾರ್ಡ್ ಬರೆದು ಮುಗಿಸೋಕೇ ಉಸಿರು ಹೋಗುತ್ತೆ. ನಮ್ಮ ಸಂಘದ ಪತ್ರಿಕೆಯನ್ನೇ ನೋಡಿ: ವರ್ಷದ ಮೊದಲ ಸಂಚಿಕೆಗೆ ಲೇಖನಗಳ ರಾಶಿ, ಮೂರನೇ ಸಂಚಿಕೆ ಹೊತ್ತಿಗೆ ಸಂಪಾದಕರು ಕಾರಿಡಾರಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಬೇಕು. ಹಾಗಾದ್ರೆ ಅವರಿಗೆ ಆ ಓಘ ಎಲ್ಲಿಂದ ಸಿಕ್ತು?

ಮೈಸೂರಿನಿಂದ ಮೂಡಿಗೆರೆಗೆ

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು. ತಂದೆ ಕುವೆಂಪು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು. ಅಂಥ ಮನೆಯಲ್ಲಿ ಹುಟ್ಟಿ ಸಾಹಿತಿ ಆಗೋದು ಸುಲಭ ಅನ್ನಿಸಬಹುದು. ಖರೆ ನೋಡಿದರೆ ಅದು ದೊಡ್ಡ ಆಲದ ಮರದ ಕೆಳಗೆ ಇನ್ನೊಂದು ಗಿಡ ಬೆಳೆಸಿದ ಹಾಗೆ. ಏನು ಬರೆದರೂ ಜನ ಮೊದಲು ನೋಡೋದು ಅಪ್ಪನನ್ನೇ.

ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ಎಂ.ಎ. ಮಾಡಿದ್ದು ಕನ್ನಡದಲ್ಲಿ. ಮೊದಮೊದಲು ಬರೆದ ಲಿಂಗ ಬಂದ ಅನ್ನೋ ಕತೆಗೆ ಪ್ರಜಾವಾಣಿಯ ದೀಪಾವಳಿ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆ ಕಾಲಕ್ಕೆ ಕನ್ನಡ ಎಂ.ಎ. ಆಗಿ, ಕೈಯಲ್ಲಿ ಬಹುಮಾನವೂ ಇದ್ದವರಿಗೆ ಮುಂದಿನ ದಾರಿ ಹಾಕಿಟ್ಟ ಹಳಿ ಇದ್ದಂಗೆ: ಲೆಕ್ಚರರ್ ಕೆಲಸ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮನೆ, ಸಂಜೆ ಸಾಹಿತ್ಯದ ಗೋಷ್ಠಿ. ತೇಜಸ್ವಿ ಆ ಹಳಿ ಹತ್ತಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಹತ್ತಿರ ಕಾಡಂಚಿಗೆ ಹೋಗಿ ಕಾಫಿ ತೋಟ ಮಾಡಲು ನಿಂತರು. 1966ರಲ್ಲಿ ರಾಜೇಶ್ವರಿಯವರ ಜೊತೆ ಮದುವೆಯಾಯ್ತು, ಪುರೋಹಿತರ ಗದ್ದಲ ಇಲ್ಲದೆ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಪ್ರಕಾರ. ಮೊದಲ ತೋಟದ ಹೆಸರು ಚಿತ್ರಕೂಟ. ಆಮೇಲಿನ ಮನೆಯ ಹೆಸರು ನಿರುತ್ತರ.

ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಅವರು ಪ್ಲೇಸ್‌ಮೆಂಟ್ ಬಿಟ್ಟು ಊರಿಗೆ ಹೋದರು. ಮಂದಿಗೆ ಆಗಲೂ ಅದು ಹುಚ್ಚು ಅಂತಲೇ ಕಂಡಿರಬೇಕು.

ಗಾಡಿ ಕಲಿಸೋ ಪಾಠ

ತೋಟದಿಂದ ಮೂಡಿಗೆರೆ ಪೇಟೆಗೆ ತೇಜಸ್ವಿ ವರ್ಷಗಟ್ಟಲೆ ಓಡಾಡಿದ್ದು ಸ್ಕೂಟರಿನ ಮೇಲೆ. ಮಲೆನಾಡಿನ ಮಳೆ, ಕೆಸರು, ತಿರುವಿನ ದಾರಿ. ಗಾಡಿ ಕೆಟ್ಟರೆ ತಾವೇ ಬಿಚ್ಚಿ ನೋಡುವ ಸ್ವಭಾವ ಅವರದು. ಯಾವುದೇ ಯಂತ್ರ ಇರಲಿ, ಒಳಗೆ ಏನು ನಡೀತಿದೆ ಅಂತ ಗೊತ್ತಾಗೋವರೆಗೂ ಸಮಾಧಾನ ಇರಲಿಲ್ಲ. ಮೆಕ್ಯಾನಿಕಲ್ ಬ್ರಾಂಚಿನವರು ಓದಿದರೆ ಇವರು ನಮ್ಮವರೇ ಅಂತ ಖುಷಿ ಪಡಬೇಕು.

ಇದಕ್ಕೂ ಬರವಣಿಗೆಗೂ ಏನು ಸಂಬಂಧ ಅಂತೀರಾ? ನಮ್ಮ ಊರಿನ ದಾರಿಯನ್ನೇ ತಗೊಳ್ಳಿ. ಭಾನುವಾರ ಬೆಳಿಗ್ಗೆ ಕಲಬುರಗಿಯಿಂದ ಹುಮನಾಬಾದ್ ಕಡೆ ಗಾಡಿ ತಿರುಗಿಸಿದರೆ ಸುಮಾರು 35 ಕಿಲೋಮೀಟರಿಗೆ ಕಮಲಾಪುರ. ರಿಂಗ್ ರೋಡ್ ದಾಟೋವರೆಗೂ ತಲೆ ತುಂಬ ಇಂಟರ್ನಲ್ಸ್, ಅಸೈನ್‌ಮೆಂಟ್, ಮನೆಯ ಫೋನು. ಎರಡೂ ಕಡೆ ತೊಗರಿ ಹೊಲ ಶುರುವಾದ ಮೇಲೆ ಎಂಜಿನ್ನಿನ ಸದ್ದು ಒಂದೇ ಸಮ ಆಗುತ್ತೆ. ಮಹಾಗಾಂವ್ ಕ್ರಾಸ್ ಬರೋ ಹೊತ್ತಿಗೆ ಗೇರ್ ಹಾಕ್ತಿರೋದು ನಾವಾ, ಗಾಡಿನಾ ಅನ್ನೋದೇ ಮರೆತಿರುತ್ತೆ. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ತಿನ್ನೋವಾಗಲೇ ಗಡಿಯಾರ ನೋಡೋದು.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅನ್ನೋ ಮನಃಶಾಸ್ತ್ರಜ್ಞ ಈ ಸ್ಥಿತಿಗೆ ಫ್ಲೋ ಅಂತ ಹೆಸರಿಟ್ಟ, 1990ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಅವನ ಪ್ರಕಾರ ಕೆಲಸ ನಮ್ಮ ಕೈಗೆ ತೀರಾ ಸುಲಭವೂ ಇರಬಾರದು, ತೀರಾ ಕಷ್ಟವೂ ಇರಬಾರದು. ಗುರಿ ಸ್ಪಷ್ಟ ಇರಬೇಕು. ಮಾಡಿದ್ದು ಸರಿಯಾಯ್ತಾ ತಪ್ಪಾಯ್ತಾ ಅಂತ ಕೂಡಲೇ ಗೊತ್ತಾಗಬೇಕು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್ ಲೂಪ್.

ಗಾಡಿ ಯಾಕೆ ಸುಲಭ, ಬರವಣಿಗೆ ಯಾಕೆ ಕಷ್ಟ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಬ್ರೇಕ್ ಒತ್ತಿದ ಕ್ಷಣಕ್ಕೆ ಗಾಡಿ ಉತ್ತರ ಕೊಡುತ್ತೆ. ಖಾಲಿ ಹಾಳೆ ಏನೂ ಹೇಳೋದಿಲ್ಲ. ಬರೆದ ವಾಕ್ಯ ಚೆನ್ನಾಗಿದೆಯಾ ಅಂತ ಗೊತ್ತಾಗೋಕೆ ವಾರ ಬೇಕು, ತಿಂಗಳು ಬೇಕು. ಆ ಮೌನದಲ್ಲಿ ನಾವು ಮೊಬೈಲ್ ಎತ್ತಿಕೊಳ್ತೀವಿ. ತೇಜಸ್ವಿ ಗಾಳ ಎತ್ತಿಕೊಂಡು ಹೊಳೆಗೆ ಹೋಗ್ತಿದ್ದರು, ಕ್ಯಾಮೆರಾ ಹಿಡಿದು ಹಕ್ಕಿಗೆ ಕಾಯ್ತಿದ್ದರು, ಸ್ಕೂಟರ್ ಬಿಚ್ಚಿಕೊಂಡು ಕೂರ್ತಿದ್ದರು. ಮೇಲ್ನೋಟಕ್ಕೆ ಇದೂ ಕೆಲಸ ತಪ್ಪಿಸೋದೇ. ಆದರೆ ಮೀನು, ಹಕ್ಕಿ, ಕಾರ್ಬುರೇಟರ್ ಎಲ್ಲವೂ ಕೂಡಲೇ ಉತ್ತರ ಕೊಡುತ್ತವೆ. ಸದ್ದು ಮಾಡಿದರೆ ಹಕ್ಕಿ ಹಾರಿಹೋಗುತ್ತೆ, ಅಷ್ಟೇ. ಗಮನ ಇಟ್ಟು ನೋಡೋದನ್ನ ಅವರ ಕಣ್ಣು ಕೈ ಹೊರಗಡೆ ರೂಢಿ ಮಾಡಿಕೊಂಡವು. ಬರೆಯಲು ಕೂತಾಗ ಅದೇ ರೂಢಿ ಹಾಳೆ ಮೇಲೆ ಬಂತು ಅಂತ ನಾವು ತಿಳಿದಿದ್ದೇವೆ.

ವೇಗಕ್ಕೆ ಮೊದಲು ತೂಕ

ಮೊಮೆಂಟಮ್ ಅಂದ್ರೆ ಮಾಸ್ ಇಂಟು ವೆಲಾಸಿಟಿ ಅಂತ ಹೈಸ್ಕೂಲಿನಿಂದ ಕೇಳ್ತಾ ಬಂದಿದ್ದೇವೆ. ಬರವಣಿಗೆಗೆ ಮೊಮೆಂಟಮ್ ಬೇಕು ಅಂದಾಗ ಮಾತ್ರ ನಮ್ಮ ಮನಸ್ಸು ವೆಲಾಸಿಟಿ ಕಡೆಗೇ ಓಡುತ್ತೆ: ದಿನಕ್ಕೆ ಎಷ್ಟು ಪುಟ, ವಾರಕ್ಕೆ ಎಷ್ಟು ಪೋಸ್ಟು. ಮಾಸ್ ಮರೆತೇ ಹೋಗಿರುತ್ತೆ.

ತೇಜಸ್ವಿಯವರ ಪುಸ್ತಕಗಳ ವರ್ಷ ನೋಡಿ. ಸ್ವರೂಪ ಬಂದಿದ್ದು 1966ರಲ್ಲಿ, ಅಬಚೂರಿನ ಪೋಸ್ಟಾಫೀಸು 1973ರಲ್ಲಿ. ನಡುವೆ ಏಳು ವರ್ಷ. ಅಬಚೂರಿಗೂ 1980ರ ಕರ್ವಾಲೊಗೂ ನಡುವೆ ಮತ್ತೆ ಏಳು ವರ್ಷ. ಈ ವರ್ಷಗಳಲ್ಲಿ ಅವರು ತೋಟ ಕಟ್ಟುತ್ತಿದ್ದರು, ಕೂಲಿಯವರು, ಜೇನು ಹಿಡಿಯುವವರು, ಪೇಟೆಯ ಅಂಗಡಿಯವರ ಜೊತೆ ಬದುಕುತ್ತಿದ್ದರು. ಲಂಕೇಶ್, ಅನಂತಮೂರ್ತಿಯವರ ಜೊತೆ ಸಮಾಜವಾದಿ ಚಳವಳಿಯಲ್ಲೂ ಓಡಾಡಿದರು. ತೂಕ ತುಂಬ್ತಾ ಇತ್ತು.

ಆ ಏಳು ವರ್ಷ ಅವರನ್ನ ಬದಲಾಯಿಸಿತು. ಶುರುವಿನಲ್ಲಿ ಅವರೂ ಆ ಕಾಲದ ನವ್ಯ ಸಾಹಿತ್ಯದ ದಾರಿಯಲ್ಲೇ ಇದ್ದವರು. ಮನುಷ್ಯನ ಒಳಗಿನ ಒಂಟಿತನ, ಗೊಂದಲ, ಕಷ್ಟದ ಭಾಷೆ. ಅಬಚೂರಿನ ಪೋಸ್ಟಾಫೀಸಿನ ಮುನ್ನುಡಿಯಲ್ಲಿ ಆ ದಾರಿಗೆ ಬೆನ್ನು ತಿರುಗಿಸಿ, ತಾನು ಹೊಸ ದಿಕ್ಕಿಗೆ ಹೋಗ್ತೇನೆ ಅಂತ ಸಾರಿದರು. ಚಾಲ್ತಿಯಲ್ಲಿದ್ದ ಶೈಲಿ ಕೈಗೆ ಬಂದಿದ್ದಾಗಲೇ ಅದನ್ನ ಬಿಡೋದು, ಓಡ್ತಿರೋ ಗಾಡಿಯ ಗೇರ್ ಇಳಿಸಿದ ಹಾಗೆ. ವೇಗ ಕಡಿಮೆಯಾಗುತ್ತೆ, ಆದರೆ ಘಾಟಿ ಹತ್ತೋ ಶಕ್ತಿ ಬರುತ್ತೆ.

ಕರ್ವಾಲೊ ಆ ಘಾಟಿಯ ಮೇಲಿನ ಊರು. ಕತೆಯಲ್ಲಿ ಕರ್ವಾಲೊ ಒಬ್ಬ ವಿಜ್ಞಾನಿ, ಮಂದಣ್ಣ ಒಬ್ಬ ಹಳ್ಳಿಯ ಹುಡುಗ. ಊರಿನವರ ಲೆಕ್ಕದಲ್ಲಿ ಮಂದಣ್ಣ ಯಾತಕ್ಕೂ ಬಾರದವನು. ಆದರೆ ಕಾಡನ್ನ ಅವನಷ್ಟು ನೋಡಿದವರಿಲ್ಲ ಅಂತ ಕರ್ವಾಲೊಗೆ ಗೊತ್ತು. ಹಾರುವ ಓತಿಯನ್ನ ಹುಡುಕಿಕೊಂಡು ಇವರೆಲ್ಲ ಕಾಡಿಗೆ ಹೋಗ್ತಾರೆ, ಕಿವಿ ಅನ್ನೋ ನಾಯಿಯೂ ಜೊತೆಗೆ. ಕೊನೆಗೆ ಕಂಡ ಓತಿ ಕೈಗೆ ಸಿಗದೆ ಕಣಿವೆಯೊಳಗೆ ತೇಲಿಹೋಗುತ್ತೆ. ಪುಸ್ತಕ ಒಂದೇ ಗುಟುಕಿಗೆ ಓದಿಸಿಕೊಳ್ಳುತ್ತೆ. ಓದುವ ನಮಗೆ ಅಷ್ಟು ಸಲೀಸಾಗಿ ಸಾಗೋದರ ಹಿಂದೆ ಹತ್ತಾರು ವರ್ಷ ಕಾಡಿನಲ್ಲಿ ಕಾದ ಕಣ್ಣುಗಳಿವೆ.

ಅಲ್ಲಿಂದ ಮುಂದೆ ಗಾಡಿ ನಿಲ್ಲಲಿಲ್ಲ. 1985ರಲ್ಲಿ ಚಿದಂಬರ ರಹಸ್ಯ ಬಂತು, 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 1991ರಲ್ಲಿ ಪರಿಸರದ ಕತೆ. ಕಿರಗೂರಿನ ಗಯ್ಯಾಳಿಗಳು, ಜುಗಾರಿ ಕ್ರಾಸ್, ತಂದೆಯ ಬಗ್ಗೆ ಅಣ್ಣನ ನೆನಪು, ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನ ಕನ್ನಡಕ್ಕೆ ತಂದ ಕಾಡಿನ ಕತೆಗಳು. ಹೊಸ ಶತಮಾನದ ಹೊಸ್ತಿಲಲ್ಲಿ ಮಿಲೆನಿಯಂ ಸರಣಿ ಅಂತ 16 ಪುಸ್ತಕ. ಮಹಾಯುದ್ಧ, ಪೆಸಿಫಿಕ್ ದ್ವೀಪಗಳು, ಬಾಹ್ಯಾಕಾಶ, ಸಾಹಸ ಯಾತ್ರೆ, ಎಲ್ಲವೂ ಅದರಲ್ಲಿ. ಕನ್ನಡದಲ್ಲಿ ಮಾತ್ರ ಓದೋ ಹುಡುಗ ಹುಡುಗಿಯರಿಗೂ ಪ್ರಪಂಚ ಸಿಗಬೇಕು ಅನ್ನೋ ಹಟ ಆ ಪುಟಗಳಲ್ಲಿ ಕಾಣುತ್ತೆ.

ಬರೀ ವೇಗ ಆದರೆ

ಬೈಕು, ಬರವಣಿಗೆ ಎರಡರ ಹುಚ್ಚೂ ಇದ್ದ ಇನ್ನೊಬ್ಬನ ಹೆಸರು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಟಿ. ಇ. ಲಾರೆನ್ಸ್, ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದವನು. 1919ರಲ್ಲಿ ತನ್ನ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನ ರೈಲ್ವೆ ಸ್ಟೇಷನ್ನಿನಲ್ಲಿ ಕಳಕೊಂಡು, ನೆನಪಿನಿಂದಲೇ ಮತ್ತೆ ಬರೆದ. ಅವನಿಗೆ ಬ್ರಫ್ ಸುಪೀರಿಯರ್ ಬೈಕುಗಳ ಹುಚ್ಚು, ಒಂದಾದ ಮೇಲೊಂದರಂತೆ ಏಳು ಇಟ್ಟುಕೊಂಡಿದ್ದ. 1935ರ ಮೇ ತಿಂಗಳಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನ ತಪ್ಪಿಸಲು ಹೋಗಿ ಬಿದ್ದ, ಆರು ದಿನದ ನಂತರ ತೀರಿಕೊಂಡ, ವಯಸ್ಸು 46. ತಲೆಗೆ ಹೆಲ್ಮೆಟ್ ಇರಲಿಲ್ಲ. ಅವನನ್ನ ನೋಡಿದ ವೈದ್ಯರಲ್ಲಿ ಒಬ್ಬ, ಮೆದುಳಿನ ಸರ್ಜನ್ ಹ್ಯೂ ಕೇರ್ನ್ಸ್, ಆ ಸಾವನ್ನ ಮರೆಯಲಿಲ್ಲ. ಬೈಕ್ ಸವಾರರ ತಲೆಗಾಯಗಳ ಮೇಲೆ ಸಂಶೋಧನೆ ಮಾಡಿ 1941ರಲ್ಲಿ ಪ್ರಕಟಿಸಿದ. ಬ್ರಿಟಿಷ್ ಸೇನೆಯ ಸವಾರರಿಗೆ ಹೆಲ್ಮೆಟ್ ಬಂದಿದ್ದರ ಹಿಂದೆ ಆ ಕೆಲಸ ಇದೆ.

ಕಮಲಾಪುರ ರೋಡಿನಲ್ಲಿ ರಾತ್ರಿ ರೇಸ್ ಬಿಡೋ ಗೆಳೆಯರು ಇದನ್ನ ಎರಡು ಸಲ ಓದಿ. ಫ್ಲೋ ಸಿಗಲು ಸ್ಪೀಡೋಮೀಟರ್ ನೂರು ದಾಟಬೇಕಿಲ್ಲ. ಗಮನ ಪೂರ್ತಿ ದಾರಿ ಮೇಲಿದ್ದರೆ ಸಾಕು, ಮಲೆನಾಡಿನ ಕೆಸರಿನಲ್ಲಿ ಹೋಗೋ ಸ್ಕೂಟರಿಗೂ ಅದು ಸಿಗುತ್ತೆ.

ಕಂಪ್ಯೂಟರ್ ಮತ್ತು ಕೊನೆಯ ಪುಸ್ತಕ

ಅರವತ್ತು ದಾಟಿದ ಮೇಲೆ ತೇಜಸ್ವಿ ಕಂಪ್ಯೂಟರಿಗೆ ಬಿದ್ದರು. ಕನ್ನಡಕ್ಕೆ ಸರಿಯಾದ ತಂತ್ರಾಂಶ ಇಲ್ಲದಿದ್ದರೆ ಮುಂದಿನ ಕಾಲದಲ್ಲಿ ಕನ್ನಡವೇ ಉಳಿಯೋದಿಲ್ಲ ಅನ್ನೋ ಚಿಂತೆ ಅವರಿಗೆ. ಅದಕ್ಕಾಗಿ ಸರ್ಕಾರದ ಜೊತೆ, ವಿದ್ವಾಂಸರ ಜೊತೆ ವಾದ ಮಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಇವತ್ತು ನಾವು ಫೋನಿನಲ್ಲಿ ಸಲೀಸಾಗಿ ಕನ್ನಡ ಟೈಪ್ ಮಾಡ್ತೀವಿ. ಕೋಡ್ ಬರೆಯಲು ಕಲಿತ ನಮಗಿಂತ ಮೊದಲೇ ಇದು ಎಂಜಿನಿಯರಿಂಗ್ ಸಮಸ್ಯೆ ಅಂತ ಗುರುತಿಸಿದವರಲ್ಲಿ ಒಬ್ಬರು ಮೂಡಿಗೆರೆಯ ಒಬ್ಬ ಕಾಫಿ ಬೆಳೆಗಾರರು.

ಕೊನೆಕೊನೆಗೆ ಬಂದ ಪುಸ್ತಕದ ಹೆಸರು ಮಾಯಾಲೋಕ-1. ಆ ಒಂದನ್ನ ಗಮನಿಸಿ. ಎರಡು ಬರಲಿಲ್ಲ. ನಿರುತ್ತರದಲ್ಲಿ ಹೃದಯಾಘಾತವಾಗಿ ಹೋದಾಗ ಅವರಿಗೆ 68 ವರ್ಷ, ಗಾಡಿ ಇನ್ನೂ ಟಾಪ್ ಗೇರಿನಲ್ಲೇ ಇತ್ತು.

ಇನ್ನು ಎರಡು ಮೂರು ವರ್ಷಕ್ಕೆ ನಾವೆಲ್ಲ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಚದುರಿ ಹೋಗ್ತೀವಿ. ಹೋಗೋದು ತಪ್ಪಲ್ಲ, ಮನೆ ನಡೀಬೇಕು. ಆದರೆ ದೊಡ್ಡ ಊರಿಗೆ ಹೋದ ಮೇಲೆ ಏನಾದರೂ ಬರೀತೀವಿ, ಏನಾದರೂ ಕಟ್ತೀವಿ ಅಂತ ಕಾಯೋರಿಗೆ ತೇಜಸ್ವಿಯವರ ಬದುಕು ಬೇರೇನೋ ಹೇಳುತ್ತೆ. ಬರೆಯೋ ಸರಕು ಅವರಿಗೆ ಸಿಕ್ಕಿದ್ದು ತಾವು ನಿಂತ ಜಾಗದಲ್ಲಿ, ಸ್ಕೂಟರ್ ಹೋಗೋ ದೂರದಲ್ಲಿ. ನಮ್ಮ ಗಾಡಿ ಹೋಗೋ ದೂರದಲ್ಲೂ ಇದೆ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಬೇರೆ ಬಾಳೆಗಿಂತ ಅದು ಹೆಚ್ಚು ತಿಂಗಳು ಹೊಲದಲ್ಲಿ ನಿಲ್ಲುತ್ತೆ. ಅಷ್ಟು ತಿಂಗಳು ಅದನ್ನ ಕಾಯೋ ರೈತರಿಗೆ ಏನೇನು ಗೊತ್ತಿದೆ ಅಂತ ನಮ್ಮಲ್ಲಿ ಯಾರಾದರೂ ಕೂತು ಕೇಳಿದ್ದೀವಾ? ಅಲ್ಲೂ ಮಂದಣ್ಣಂದಿರು ಇರಬೇಕಲ್ರೀ.

ಈ ಭಾನುವಾರ ಹೋಗೋರು ಹೆಲ್ಮೆಟ್ ಹಾಕ್ಕೊಳ್ಳಿ, ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇಟ್ಕೊಳ್ಳಿ. ಮೂರನೇ ಸಂಚಿಕೆಗೆ ಇನ್ನೂ ಜಾಗ ಖಾಲಿ ಇದೆ.