ಕಿಟ್ಟೆಲ್ ಪಂಡಿತರ ಗೃಹತ್ಯಾಗ

ಕನ್ನಡದ ಮಹಾನಿಘಂಟನ್ನು ರಚಿಸಿದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಪಂಡಿತರ ಹೆಸರನ್ನು ಕೇಳದ ವಿದ್ಯಾವಂತರು ಕರ್ನಾಟಕದಲ್ಲಿ ವಿರಳ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಉಂಟು. ಬೆಂಗಳೂರಿನಲ್ಲಿ ಅವರ ಪ್ರತಿಮೆಯುಂಟು. ಆದರೆ ನಿಘಂಟಿನ ಕರ್ತೃವನ್ನು ಬಲ್ಲವರೆಲ್ಲರೂ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹುಟ್ಟಿದ ನೆಲವನ್ನು ತೊರೆದು, ಎಂದು ಮರಳುವೆನೆಂಬುದರ ಲೆಕ್ಕವಿಲ್ಲದೆ ಹೊರಟು ಬಂದ ಆ ತರುಣನನ್ನು ಬಲ್ಲರೆಂದು ಹೇಳಲಾಗದು. ಗ್ರಂಥವು ಎಲ್ಲರ ಕಣ್ಣಿಗೆ ಬೀಳುತ್ತದೆ. ಗ್ರಂಥಕ್ಕೆ ಮೊದಲು ನಡೆದ ತ್ಯಾಗವು ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತದೆ.

ಕಿಟ್ಟೆಲ್ಲರು ಕ್ರಿ. ಶ. 1832ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ಉತ್ತರ ಸಮುದ್ರದ ದಂಡೆಯ ಸೀಮೆ. ಬೆಟ್ಟಗುಡ್ಡಗಳ ಸುಳಿವಿಲ್ಲದೆ ಅಂಗೈಯಂತೆ ಸಮತಟ್ಟಾದ ನೆಲ. ಕಡಲನ್ನು ಒಡ್ಡು ಕಟ್ಟಿ ತಡೆದು, ಆ ಒಡ್ಡಿನ ಹಿಂದೆ ಬೆಳೆ ತೆಗೆದು, ದನ ಸಾಕಿ ಬಾಳುವ ಜನ. ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟ್ಟೆಲ್ಲರು ಅಲ್ಲಿಯ ಲೂಥರನ್ ಸಭೆಯ ಪಾದ್ರಿಗಳಾಗಿದ್ದರು. ಯೋಗಾಯೋಗವೆಂದರೆ, ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದುದೂ ಅದೇ 1832ರಲ್ಲಿ. ಆ ಗ್ರಂಥವನ್ನು ಹಿಂದಿಕ್ಕುವ ಗ್ರಂಥದ ಕರ್ತೃವು ಅದೇ ವರುಷ, ಕನ್ನಡವೆಂಬ ನುಡಿಯೊಂದುಂಟೆಂಬುದನ್ನೇ ಕೇಳದ ಹಳ್ಳಿಯಲ್ಲಿ ತೊಟ್ಟಿಲಲ್ಲಿ ಮಲಗಿದ್ದನು.

ಬಾಲಕನು ಔರಿಖ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದಿದನು. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಈ ಐದು ಭಾಷೆಗಳು ಅವನಿಗೆ ವಶವಾದುವು. ಇಂತಹ ವಿದ್ಯೆಯುಳ್ಳ ಹುಡುಗನಿಗೆ ಸ್ವದೇಶದಲ್ಲಿ ಜೀವನೋಪಾಯಕ್ಕೆ ಕೊರತೆಯಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಬಹುದಾಗಿದ್ದಿತು, ತಂದೆಯಂತೆಯೇ ಒಂದು ಸಭೆಯನ್ನು ನೋಡಿಕೊಂಡು ಮನೆಮಾರು ಮಾಡಿಕೊಂಡಿರಬಹುದಾಗಿದ್ದಿತು. ಆ ದಾರಿಗಳನ್ನು ಬಿಟ್ಟು 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಜರ್ಮನಿಯ ದಕ್ಷಿಣದ ಎಲ್ಲೆಯಾಚೆಗೆ ಸ್ವಿಟ್ಸರ್ಲೆಂಡಿನಲ್ಲಿರುವ ಬಾಸೆಲ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಮಿಶನ್ ವಿದ್ಯಾಶಾಲೆಯನ್ನು ಸೇರಿದರು. ಮನೆಯನ್ನು ಬಿಡುವ ಕಾರ್ಯವು ಹಡಗು ಹತ್ತಿದ ದಿನ ಆದುದಲ್ಲ. ಅದು ಆರಂಭವಾದುದು ಈ ದಿನ.

ಬಾಸೆಲ್ ಮಿಶನ್ ಎಂಬ ಸಂಸ್ಥೆಯು 1815ರಲ್ಲಿ ಸ್ಥಾಪಿತವಾದುದು. ಪರದೇಶಗಳಿಗೆ ಕ್ರೈಸ್ತ ಬೋಧಕರನ್ನು ಸಿದ್ಧಪಡಿಸಿ ಕಳುಹಿಸುವುದೇ ಅದರ ಉದ್ದೇಶ. ಅಲ್ಲಿಗೆ ಬರುವ ಶಿಷ್ಯರಲ್ಲಿ ಹೆಚ್ಚಿನವರು ವುರ್ಟೆಂಬರ್ಗ್ ಸೀಮೆಯ ಒಕ್ಕಲಿಗರ, ನೇಕಾರರ, ಬಡಗಿಗಳ ಮಕ್ಕಳು. ಕೈಕಸುಬನ್ನು ಬಲ್ಲವರು, ಶಾಲೆಯ ಓದು ಕಡಿಮೆಯಾದವರು. ಅವರ ನಡುವೆ ಕಡಲಸೀಮೆಯಿಂದ ಬಂದ, ಐದು ಭಾಷೆ ಬಲ್ಲ ಪಾದ್ರಿಯ ಮಗನು ಹೊರಗಿನವನಂತೆಯೇ ಇದ್ದಿರಬೇಕು. ಆದರೆ ನಿಯಮವು ಎಲ್ಲರಿಗೂ ಒಂದೇ. ನಸುಕಿನಲ್ಲಿ ಏಳಬೇಕು, ಪ್ರಾರ್ಥನೆ, ಪಾಠ, ತರುವಾಯ ದೇಹಶ್ರಮ. ಓದಿದವನೆಂದು ಗುದ್ದಲಿ ಹಿಡಿಯದೆ ಇರುವಂತಿರಲಿಲ್ಲ. ಕಾಯಕವನ್ನು ಕೀಳೆಂದು ಬಗೆಯದ ಪರಂಪರೆಯಲ್ಲಿ ಬೆಳೆದ ಶರಣರ ಸಂತತಿಗೆ ಈ ಏರ್ಪಾಡು ಅಪರಿಚಿತವೆನಿಸಲಾರದು.

ಇದಕ್ಕಿಂತ ಕಠಿನವಾದುದು ವಿಧೇಯತೆಯ ನಿಯಮ. ಶಿಷ್ಯನು ತಾನು ಹೋಗಬೇಕಾದ ದೇಶವನ್ನು ತಾನೇ ಆರಿಸಿಕೊಳ್ಳುವಂತಿಲ್ಲ. ಹಿರಿಯರ ಸಮಿತಿಯು ತೋರಿಸಿದ ಕಡೆಗೆ ಹೋಗತಕ್ಕುದು. ವಿವಾಹದ ಮಾತನ್ನು ಎತ್ತುವಂತಿಲ್ಲ. ಪರದೇಶದಲ್ಲಿ ಕೆಲವು ವರುಷ ಸೇವೆ ಮಾಡಿದ ತರುವಾಯ ಸಮಿತಿಯ ಅಪ್ಪಣೆಯನ್ನು ಬೇಡಬೇಕು. ಕಿಟ್ಟೆಲ್ಲರು ಸೇರಿದ 1850ರಲ್ಲಿಯೇ ಯೋಸೆನ್‌ಹಾನ್ಸ್ ಎಂಬವರು ಆ ಸಂಸ್ಥೆಯ ಇನ್ಸ್‌ಪೆಕ್ಟರ್ ಪದವಿಗೆ ಬಂದರು. ಅವರು ಸುಮಾರು 30 ವರುಷ ಆ ಪದವಿಯಲ್ಲಿದ್ದು ಶಿಸ್ತನ್ನು ಇನ್ನಷ್ಟು ಬಿಗಿಗೊಳಿಸಿದರು. ಗುರುವಿನ ಆಜ್ಞೆಯನ್ನು ಮೀರದಿರುವುದು ಒಂದು. ಸಮಿತಿಯ ಆಜ್ಞೆಯನ್ನು ಮೀರದಿರುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರೀತಿಯು ಭಾರವನ್ನು ಹಗುರ ಮಾಡುತ್ತದೆ.

ಹೊರಡುವವರು ಏನನ್ನು ಎದುರಿಸಬೇಕೆಂಬುದು ಆ ಶಾಲೆಯಲ್ಲಿ ಗುಟ್ಟಾಗಿರಲಿಲ್ಲ. 1828ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಹೋದ ನಾಲ್ವರಲ್ಲಿ ಮೂವರು ವರುಷ ತುಂಬುವುದರೊಳಗೆ ಮಡಿದಿದ್ದರು. ನಾಲ್ಕನೆಯವರೂ ಬಹುಕಾಲ ಉಳಿಯಲಿಲ್ಲ. ಹಿಂದೂದೇಶದ ಹವೆಯು ಅಷ್ಟು ಕ್ರೂರವಲ್ಲವೆಂದು ಹೇಳಬಹುದಾಗಿದ್ದಿತೇ ಹೊರತು ನಿರಪಾಯವೆಂದು ಹೇಳುವಂತಿರಲಿಲ್ಲ. ಸುಯೆಜ್ ಕಾಲುವೆ ತೆರೆಯಲು ಇನ್ನೂ ಹತ್ತೊಂಬತ್ತು ವರುಷಗಳಿದ್ದುವು. ತಂತಿಯ ವರ್ತಮಾನ ಯುರೋಪಿನಿಂದ ಇಲ್ಲಿಗೆ ಬರುತ್ತಿರಲಿಲ್ಲ. ಮಗನು ಬದುಕಿರುವನೆಂಬ ಕಾಗದವು ತಂದೆಯ ಕೈ ಸೇರುವ ಹೊತ್ತಿಗೆ ಆ ಮಾತು ನಿಜವಾಗಿಯೇ ಉಳಿದಿರುವುದೋ ಇಲ್ಲವೋ ಎಂಬುದನ್ನು ಬಲ್ಲವರಾರು? ಇದನ್ನೆಲ್ಲ ತಿಳಿದೂ ಹಳ್ಳಿಯ ಪಾದ್ರಿಗಳೊಬ್ಬರು ಮಗನನ್ನು ಕಳುಹಿಸಿದರು. ಹೋದವನ ತ್ಯಾಗವನ್ನು ಹೊಗಳುವವರು ಕಳುಹಿಸಿದವರನ್ನು ಮರೆಯುವುದುಂಟು.

ಬಾಸೆಲ್ ಮಿಶನ್ನಿನವರು ಕನ್ನಡ ನಾಡಿಗೆ ಬಂದುದು 1834ರಲ್ಲಿ, ಮೊದಲು ಮಂಗಳೂರಿಗೆ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಠಾಣೆಗಳಾದುವು. ಹರ್ಮನ್ ಮೋಗ್ಲಿಂಗ್ ಎಂಬ ಪಂಡಿತರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. 1848ರಿಂದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ ಕನ್ನಡದ ಹಳೆಯ ಕಾವ್ಯಗಳನ್ನು ಮಾಲೆಯಾಗಿ ಅಚ್ಚು ಹಾಕಿಸತೊಡಗಿದರು. ಬಸವಪುರಾಣವೂ ಚೆನ್ನಬಸವಪುರಾಣವೂ ಆ ಮಾಲೆಯಲ್ಲಿ ಬೆಳಕು ಕಂಡುವು. ಇದೇ ಮೋಗ್ಲಿಂಗರು ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನನ್ನು, ಆತನು ಕ್ರೈಸ್ತನಾದ ಮೇಲೆ, ಬಾಸೆಲ್ಲಿಗೆ ಕರೆದೊಯ್ದು ಓದಿಸಿದರು. ಕೌಂಡಿನ್ಯರು ದೀಕ್ಷೆ ಹೊಂದಿ ತಾಯ್ನಾಡಿಗೆ ಮರಳಿದುದು 1851ರಲ್ಲಿ. ಹೀಗೆ ಉತ್ತರ ಸಮುದ್ರದ ದಂಡೆಯವನೊಬ್ಬನೂ ನೇತ್ರಾವತಿಯ ದಂಡೆಯವನೊಬ್ಬನೂ ಕೆಲವು ಕಾಲ ಒಂದೇ ಶಾಲೆಯ ಶಿಷ್ಯರಾಗಿದ್ದರು. ಒಬ್ಬನು ಮನೆಯನ್ನು ಬಿಟ್ಟು ಬಂದಿದ್ದನು, ಮತ್ತೊಬ್ಬನು ಬಿಡಲಿದ್ದನು.

1853ರಲ್ಲಿ ಸಮಿತಿಯ ಅಪ್ಪಣೆಯಾಯಿತು. ಕಿಟ್ಟೆಲ್ಲರು ಹಿಂದೂದೇಶಕ್ಕೆ ಬಂದು ಧಾರವಾಡವನ್ನು ಸೇರಿದರು. ಆ ವರುಷ ಮುಂಬಯಿಯಿಂದ ಠಾಣೆಯವರೆಗೆ ಮಾತ್ರ ರೈಲು ನಡೆಯಲಾರಂಭಿಸಿದ್ದಿತು. ಕನ್ನಡ ಸೀಮೆಯಲ್ಲಿ ದಾರಿಯೆಂದರೆ ಎತ್ತಿನ ಗಾಡಿಯದು, ಕುದುರೆಯದು, ಇಲ್ಲವೇ ಕಾಲುನಡಿಗೆಯದು.

ಇಲ್ಲಿಗೆ ಬಂದ ಮೇಲೆ ಒಂದು ವಿಚಿತ್ರವು ನಡೆಯಿತು. ಮನೆಯನ್ನು ಬಿಟ್ಟು ಬಂದವನಿಗೆ, ಮನೆಯಿಂದ ತಂದುದನ್ನೂ ಬಿಡಬೇಕೆಂದು ತೋರಿತು. ಕ್ರೈಸ್ತರ ಪೂರ್ವಾಚಾರ್ಯರಾದ ಸಂತ ಪೌಲರು ಯಾವ ಜನರ ನಡುವೆ ಇರುವರೋ ಆ ಜನರಂತೆಯೇ ಆಗಿ ಬೋಧಿಸುತ್ತಿದ್ದರೆಂಬ ಮಾತನ್ನು ಕಿಟ್ಟೆಲ್ಲರು ಅಕ್ಷರಶಃ ನಡೆಸಲು ಹೊರಟರು. ಕನ್ನಡವನ್ನು ಬರಿಯ ಉಪದೇಶಕ್ಕೆ ಸಾಕಾಗುವಷ್ಟು ಕಲಿತು ತೃಪ್ತರಾಗಲಿಲ್ಲ. ಛಂದಸ್ಸನ್ನು, ಸಂಗೀತವನ್ನು, ಜನರ ನಡೆನುಡಿಗಳನ್ನು ಹಗಲಿರುಳು ಅಭ್ಯಾಸ ಮಾಡಿದರು. 1862ರಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಮಟ್ಟುಗಳಲ್ಲಿ ಹಾಡಾಗಿಸಿ ಕಥಾಮಾಲೆ ಎಂಬ ಪುಸ್ತಕವನ್ನು ಹೊರಡಿಸಿದರು. ಮಿಶನ್ನಿನ ಹಿರಿಯರಿಗೆ ಈ ಮಾರ್ಗವು ರುಚಿಸಲಿಲ್ಲ. ಓದಿನಲ್ಲಿ ಮುಳುಗಿದವನು ಬೋಧಕನಾಗಿ ಉಳಿಯುವನೇ ಎಂಬ ಸಂಶಯವು ಅವರದು. ಕಿಟ್ಟೆಲ್ಲರನ್ನು ಮೂಲೆಯ ಠಾಣೆಗಳಿಗೆ ಹಾಕಿದರು. ಮತಪ್ರಚಾರದ ದೃಷ್ಟಿಯಿಂದ ಹಿರಿಯರ ಸಂಶಯವು ಅಕಾರಣವಾಗಿರಲಿಲ್ಲವೆಂದು ಒಪ್ಪಬೇಕು. ಕಿಟ್ಟೆಲ್ಲರಿಂದ ಕ್ರೈಸ್ತಸಭೆಗೆ ಆದ ಲಾಭಕ್ಕಿಂತ ಕನ್ನಡಕ್ಕೆ ಆದ ಲಾಭವೇ ದೊಡ್ಡದು. ಅವರು ಬಂದ ಉದ್ದೇಶವನ್ನು ಒಪ್ಪದ ಕನ್ನಡಿಗರೂ ಈ ಋಣವನ್ನು ಅಲ್ಲಗಳೆಯಲಾರರು.

ಸಂಸಾರಸುಖವೂ ಅವರಿಗೆ ನಿರಾತಂಕವಾಗಿ ದೊರೆಯಲಿಲ್ಲ. 1860ರಲ್ಲಿ ಪೌಲಿನ್ ಐಟ್ ಎಂಬ ಕನ್ಯೆಯನ್ನು ವರಿಸಿದರು. ನಾಲ್ಕೇ ವರುಷಗಳಲ್ಲಿ ಆಕೆ ತೀರಿಹೋದರು. 1867ರಲ್ಲಿ ಆಕೆಯ ತಂಗಿ ಯೂಲಿಯವರನ್ನು ವಿವಾಹವಾದರು. ಅಕ್ಕನು ಹಿಡಿದ ದಾರಿಯನ್ನೇ ತಂಗಿಯೂ ಹಿಡಿದಳೆಂಬ ಒಂದು ಸಾಲಿನಲ್ಲಿ ಆ ಮನೆತನದವರ ಎಷ್ಟು ರಾತ್ರಿಗಳ ನಿದ್ರೆಯಿಲ್ಲದ ಯೋಚನೆ ಅಡಗಿದೆಯೋ!

ತರುವಾಯದ ಹತ್ತು ವರುಷಗಳು ಗ್ರಂಥಗಳ ಕಾಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯೂ ಅವರ ಸಂಪಾದನೆಯಲ್ಲಿ ಮಂಗಳೂರಿನಲ್ಲಿ ಅಚ್ಚಾದುವು. ಛಂದೋಂಬುಧಿಯ ಮುನ್ನುಡಿಯಲ್ಲಿ ಕನ್ನಡ ಕವಿಗಳ ಚರಿತ್ರೆಯನ್ನು ಬರೆಯುವಾಗ ವೀರಶೈವ ಕವಿಗಳಿಗೂ ಅವರು ಸ್ಥಾನವನ್ನು ಕೊಟ್ಟರು. ಅದೇ 1875ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಲಿಂಗಾಯತರ ಕೆಲವು ಪುರಾತನ ಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮರುವರುಷ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಚಿಕ್ಕ ಗ್ರಂಥವನ್ನು ಬರೆದರು. ಅವರ ಸಿದ್ಧಾಂತಗಳನ್ನೆಲ್ಲ ಭಕ್ತರು ಒಪ್ಪಬೇಕಾಗಿಲ್ಲ. ಹೊರಗಿನಿಂದ ನೋಡಿದವರ ಕಣ್ಣಿಗೆ ಒಳಗಿನ ಬೆಳಕು ಅಷ್ಟೇ ಕಾಣುವುದು. ಆದರೆ ಶರಣರ ಕಥೆಗಳನ್ನು ಓದದೆ ಹಳಿದವರ ಸಾಲಿಗೆ ಅವರು ಸೇರಿದವರಲ್ಲ.

1877ರಲ್ಲಿ ಕಿಟ್ಟೆಲ್ಲರು ಜರ್ಮನಿಗೆ ಹೋದರು. ಸೇವೆಯ ಕಾಲ ಮುಗಿಯಿತೆಂದು ಯಾರಾದರೂ ಹೇಳಬಹುದಾಗಿದ್ದಿತು. ನಿಘಂಟು ಮಾತ್ರ ಮುಗಿದಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು. ಮೊದಲ ಸಲ ಹೊರಟಾಗ ಬೆನ್ನ ಹಿಂದೆ ಸಮಿತಿಯ ಆಜ್ಞೆಯಿದ್ದಿತು, ಎದೆಯಲ್ಲಿ ಇಪ್ಪತ್ತೊಂದರ ಉತ್ಸಾಹವಿದ್ದಿತು. ಈ ಸಲ ಎಳೆದುದು ಅರ್ಧಕ್ಕೆ ನಿಂತ ಪದಗಳ ರಾಶಿ. ಈ ಎರಡನೆಯ ಗೃಹತ್ಯಾಗವೇ ದೊಡ್ಡದೆಂದು ತೋರುತ್ತದೆ. ಹಳಗನ್ನಡ ಕಾವ್ಯಗಳಲ್ಲಿ, ಹಳ್ಳಿಯವರ ಗಾದೆಗಳಲ್ಲಿ, ಸಂತೆಬೀದಿಯ ಮಾತುಗಳಲ್ಲಿ ಸಿಕ್ಕ ಪದಗಳನ್ನೆಲ್ಲ ಹೆಕ್ಕಿ, ಒಂದೊಂದಕ್ಕೂ ಪ್ರಯೋಗವನ್ನು ಹುಡುಕಿ, ತಮಿಳು ತೆಲುಗು ಮಲಯಾಳ ತುಳುಗಳ ಸರಿರೂಪಗಳನ್ನು ಒತ್ತಟ್ಟಿಗಿಟ್ಟು ಜೋಡಿಸುವ ಆ ಕೆಲಸದಲ್ಲಿ 1892ರವರೆಗೂ ಇಲ್ಲಿಯೇ ಇದ್ದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಆ ನಿಘಂಟು ಹೊರಬಿದ್ದಿತು. ಪುಟಗಳು 1752, ಪದಗಳು ಸುಮಾರು 70,000. ಎರಡು ವರುಷಗಳ ತರುವಾಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಆ ಮೇಲೆಯೂ ಅವರ ಲೇಖನಿ ನಿಲ್ಲಲಿಲ್ಲ. ಟ್ಯೂಬಿಂಗೆನ್ನಿನಲ್ಲಿದ್ದುಕೊಂಡೇ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ರೆಸ್ಟರ್‌ಹಾಫೆಗೂ ಧಾರವಾಡಕ್ಕೂ ದೂರವಾದ ಆ ಪಟ್ಟಣದಲ್ಲಿಯೇ ಅವರು ದೇಹವನ್ನು ಬಿಟ್ಟರು.