1.73ರ ಹಿಂದಿರುವ ಇನ್ನೊಬ್ಬ ಬೋಸ್

ದಾವಣಗೆರೆಯಲ್ಲೋ ಹರಿಹರದಲ್ಲೋ ದ್ವಿತೀಯ ಪಿಯುಸಿ ವಿಜ್ಞಾನ ಓದಿದವರನ್ನು ಕೇಳಿ ನೋಡಿ, 1.73 ಎಂಬ ಸಂಖ್ಯೆ ಮರೆತಿರುವುದಿಲ್ಲ. ಟೈಟಾನಿಯಂ 3+ ಅಯಾನಿನ ಮ್ಯಾಗ್ನೆಟಿಕ್ ಮೊಮೆಂಟ್ ಎಷ್ಟು? ಅಂದರೆ, ಆ ಅಯಾನು ಎಷ್ಟು ಬಲದ ಪುಟ್ಟ ಅಯಸ್ಕಾಂತ? ಟೈಟಾನಿಯಂನಲ್ಲಿ 22 ಎಲೆಕ್ಟ್ರಾನುಗಳಿವೆ. ಮೂರು ಹೋದರೆ 19. ಅದರಲ್ಲಿ 18 ಜೋಡಿಯಾಗಿ ಕೂತು ಒಂದರ ಕಾಂತತ್ವವನ್ನು ಇನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಒಂಟಿ ಎಲೆಕ್ಟ್ರಾನ್. ಒಂಟಿಗಳ ಸಂಖ್ಯೆಯನ್ನು ಅದಕ್ಕಿಂತ ಎರಡು ಹೆಚ್ಚಿರುವ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆದರೆ √(1 × 3) = 1.73 ಬೋರ್ ಮ್ಯಾಗ್ನೆಟಾನ್. ಮುಗಿಯಿತು, ಅಂಕ ಬಂತು.

ಈ ಸೂತ್ರಕ್ಕೆ ಒಬ್ಬ ಭಾರತೀಯನ ನಂಟಿದೆ ಎಂದು ನನಗೆ ತಿಳಿದದ್ದು ಕಾಲೇಜು ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಅವರು ಬೋಸಾನ್ ಖ್ಯಾತಿಯ ಸತ್ಯೇಂದ್ರನಾಥ ಬೋಸ್ ಅಲ್ಲ, ದೇವೇಂದ್ರ ಮೋಹನ್ ಬೋಸ್.

1885ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಅವರಿಗೆ ಜಗದೀಶಚಂದ್ರ ಬೋಸ್ ಸೋದರಮಾವ. ಎಂಜಿನಿಯರ್ ಆಗಲು ಹೊರಟವರನ್ನು ಮಲೇರಿಯಾ ತಡೆಯಿತು. ಭೌತವಿಜ್ಞಾನದ ಕಡೆಗೆ ತಿರುಗಿಸಿದ್ದು ರವೀಂದ್ರನಾಥ ಠಾಕೂರರ ಸಲಹೆ. ಕೇಂಬ್ರಿಡ್ಜಿನಲ್ಲಿ ಜೆ.ಜೆ. ಥಾಮ್ಸನ್ ಬಳಿ ಕಲಿತರು. 1914ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಹೆಚ್ಚಿನ ಅಧ್ಯಯನಕ್ಕೆ ಬರ್ಲಿನ್‌ಗೆ ಹೋದರೆ ಅಲ್ಲಿ ಮಹಾಯುದ್ಧ ಶುರುವಾಯಿತು. ಊರಿಗೆ ಮರಳಿದ್ದು 1919ರಲ್ಲಿ, ಡಾಕ್ಟರೇಟ್ ಜೊತೆಗೆ.

ಆ ಕಾಲದ ಒಗಟು ಹೀಗಿತ್ತು. ಎಲೆಕ್ಟ್ರಾನ್ ಎರಡು ರೀತಿಯಲ್ಲಿ ಅಯಸ್ಕಾಂತವಾಗಬಲ್ಲದು: ಬೀಜದ ಸುತ್ತಲಿನ ಅದರ ಚಲನೆಯಿಂದ, ಮತ್ತು 1925ರಲ್ಲಷ್ಟೇ ಪತ್ತೆಯಾಗಿದ್ದ ಸ್ಪಿನ್‌ನಿಂದ. ಜರ್ಮನಿಯ ಹುಂಡ್ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಅಪರೂಪದ ಭಸ್ಮ ಲೋಹಗಳಿಗೆ ಲೆಕ್ಕ ಚೆನ್ನಾಗಿ ಹೊಂದಿತು. ಕಬ್ಬಿಣದ ಗುಂಪಿನ ಲೋಹಗಳಿಗೆ ಕೈಕೊಟ್ಟಿತು. ಲವಣದ ಪುಡಿಯನ್ನು ಅಯಸ್ಕಾಂತದ ಧ್ರುವಗಳ ನಡುವೆ ತೂಗುಬಿಟ್ಟು ತೂಕ ಎಷ್ಟು ಬದಲಾಗುತ್ತದೆಂದು ನೋಡಿದರೆ ಅಸಲಿ ಬೆಲೆ ಸಿಗುತ್ತದೆ. ಕ್ರೋಮಿಯಂ 3+ಗೆ ಹುಂಡ್ ಲೆಕ್ಕ 0.77 ಎಂದಿತು, ತಕ್ಕಡಿ ಹೇಳಿದ್ದು ಸುಮಾರು 3.8. ಇದು ಸಣ್ಣಪುಟ್ಟ ತಪ್ಪಲ್ಲ!

1927ರಲ್ಲಿ ಬೋಸ್ ಜರ್ಮನಿಯ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ಮುಂದಿಟ್ಟ ಪರಿಹಾರ, ಅರ್ಧ ಲೆಕ್ಕವನ್ನೇ ಬಿಟ್ಟುಬಿಡುವುದು. ಈ ಅಯಾನುಗಳಲ್ಲಿ ಸ್ಪಿನ್ ಒಂದನ್ನೇ ಎಣಿಸಿ ಎಂದರು. ಹಾಗೆ ಮಾಡಿದರೆ ಕ್ರೋಮಿಯಂಗೆ 3.87 ಬರುತ್ತದೆ. ನಮ್ಮ ಟೈಟಾನಿಯಂಗೆ ಹುಂಡ್ ದಾರಿಯಲ್ಲಿ 1.55, ಬೋಸ್ ದಾರಿಯಲ್ಲಿ 1.73. ಅಳತೆ ಇರುವುದು 1.73ರ ಆಸುಪಾಸಿನಲ್ಲಿ. ಕಾರಣವನ್ನು ಬಿಡಿಸಿ ಹೇಳಿದವರು ಆಮೇಲೆ ಬಂದ ಸ್ಟೋನರ್ ಮತ್ತು ವಾನ್ ವ್ಲೆಕ್: ಹೊರಪದರದಲ್ಲಿರುವ ಆ ಎಲೆಕ್ಟ್ರಾನಿನ ಚಲನೆಯನ್ನು ನೆರೆಯ ಅಣುಗಳ ವಿದ್ಯುತ್ ಕ್ಷೇತ್ರ ಕಟ್ಟಿಹಾಕುತ್ತದೆ, ಸ್ಪಿನ್ ಮಾತ್ರ ತನ್ನ ಪಾಡಿಗಿರುತ್ತದೆ.

ಕಟ್ಟು ಪೂರ್ತಿ ಬಿಗಿ ಎಂದೂ ಅಲ್ಲ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ನೀಲಿ ಮೈಲುತುತ್ತವನ್ನೇ ನೋಡಿ. ಅದರ ತಾಮ್ರ 2+ ಅಯಾನಿನಲ್ಲೂ ಜೋಡಿಯಿಲ್ಲದ್ದು ಒಂದೇ ಎಲೆಕ್ಟ್ರಾನ್. ಲೆಕ್ಕ 1.73, ಅಳತೆ ಸುಮಾರು 1.9. ಚಲನೆಯ ಪಾಲು ಸ್ವಲ್ಪ ಸೋರಿಬರುತ್ತದೆ. ಸೀರಿಯಂ 3+ನಲ್ಲೂ ಒಂಟಿ ಒಂದೇ, ಆದರೆ ಅದು ಹೊರಪದರಗಳ ಮರೆಯಲ್ಲಿ ಸುರಕ್ಷಿತ. ಅಲ್ಲಿ 1.73 ಬರೆದರೆ ತಪ್ಪು; ಹುಂಡ್ ಲೆಕ್ಕದ 2.54 ಅಳತೆಗೆ ಹತ್ತಿರ. ಒಂದು ಎಲೆಕ್ಟ್ರಾನ್ ಅಂದರೆ ಯಾವಾಗಲೂ 1.73 ಎಂಬ ಬಾಯಿಪಾಠ ಕೈಕೊಡುವುದು ಇಲ್ಲೇ.

ಸಿ.ವಿ. ರಾಮನ್ ಬೆಂಗಳೂರಿಗೆ ಬಂದಾಗ ಕಲ್ಕತ್ತಾದಲ್ಲಿ ತೆರವಾದ ಪಾಲಿತ್ ಪೀಠಕ್ಕೆ ಬಂದವರು ಇದೇ ಬೋಸ್. 1938ರಲ್ಲಿ ಸೋದರಮಾವ ಕಟ್ಟಿದ ಬೋಸ್ ಸಂಸ್ಥೆಯ ಹೊಣೆ ಹೊತ್ತರು. ಅಲ್ಲಿ ಬಿಭಾ ಚೌಧುರಿ ಜೊತೆ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಫೋಟೋ ಫಲಕಗಳನ್ನಿಟ್ಟು, ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರದ ಕಣಗಳ ಜಾಡು ಹಿಡಿದರು. ಇನ್ನೂ ಒಳ್ಳೆಯ ಫಲಕಗಳು ಬೇಕಿದ್ದವು. ಎರಡನೇ ಮಹಾಯುದ್ಧದಿಂದಾಗಿ ಸಿಗಲಿಲ್ಲ. ಇಂಥದೇ ವಿಧಾನವನ್ನು ಉತ್ತಮ ಫಲಕಗಳಲ್ಲಿ ಮುಂದುವರಿಸಿದ ಬ್ರಿಟನ್ನಿನ ಪೊವೆಲ್‌ಗೆ 1950ರ ನೊಬೆಲ್ ಹೋಯಿತು. ಬೋಸ್ 1967ರವರೆಗೆ ಸಂಸ್ಥೆಯನ್ನು ನಡೆಸಿ, 1975ರ ಜೂನ್ 2ರಂದು ತೀರಿಕೊಂಡರು.